ಕೊಂಗುನಾಡಿನಲ್ಲಿ ಕನ್ನಡದ ಕೂಸು

ಕೊಳ್ಳೇಗಾಲ ತಾಲ್ಲೂಕು 1956ನೆಯ ಇಸವಿಯ ನವೆಂಬರ್ ಒಂದನೆಯ ತಾರೀಖಿನವರೆಗೂ ಕೊಯಮತ್ತೂರು ಜಿಲ್ಲೆಯ ಅಂಗವಾಗಿದ್ದಿತೆಂಬುದನ್ನೂ, 1799ರಲ್ಲಿ ಶ್ರೀರಂಗಪಟ್ಟಣವು ಬೀಳುವ ಪರ್ಯಂತ ಆ ಸೀಮೆಯು ಮೈಸೂರಿನ ಆಳ್ವಿಕೆಯಲ್ಲಿದ್ದಿತೆಂಬುದನ್ನೂ ನೆನೆದವರಿಗೆ ಕೊಯಮತ್ತೂರನ್ನು ಪರದೇಶವೆಂದು ಕರೆಯಲು ನಾಲಗೆ ಏಳದು. ಆದರೆ ಗಿರಣಿಯ ಕೆಲಸಕ್ಕೋ, ಪಂಪು ಮೋಟಾರುಗಳ ಕಾರ್ಖಾನೆಗೋ, ತಿರುಪ್ಪೂರಿನ ಬನಿಯನ್ ಕಂಪೆನಿಗೋ, ಈಚೆಗೆ ಕಂಪ್ಯೂಟರ್ ಕಚೇರಿಗೋ ಗಂಡನಿಗೆ ನೌಕರಿಯಾಯಿತೆಂದು ಮೂರು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿಳಿಯುವ ತಾಯಿಗೆ ಈ ಚರಿತ್ರೆಯಿಂದ ಆಗುವ ಉಪಕಾರ ಸ್ವಲ್ಪವೇ. ಬಸ್ಸಿನ ಫಲಕವನ್ನು ಓದಲಾರಳು, ಔಷಧದ ಅಂಗಡಿಯವನು ಹೇಳಿದ್ದು ಅರ್ಧ ತಿಳಿಯುತ್ತದೆ, ಮತ್ತು ನಿನ್ನೆಯವರೆಗೆ ಊರೆಲ್ಲ ಕೇಳುವಂತೆ ಹರಟುತ್ತಿದ್ದ ಮಗು ಇಂದು ಅಂಗನವಾಡಿಯ ಬಾಗಿಲಲ್ಲಿ ಸೆರಗನ್ನು ಹಿಡಿದು ಮೂಕವಾಗಿ ನಿಂತಿರುತ್ತದೆ. ಅಂಥ ಸಂಸಾರಗಳ ಉಪಯೋಗಕ್ಕಾಗಿ, ಕೊಯಮತ್ತೂರು ಜಿಲ್ಲೆಯನ್ನೂ 2009ರಲ್ಲಿ ರಚಿತವಾದ ತಿರುಪ್ಪೂರು ಜಿಲ್ಲೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು, ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ನೆರೆಯವರನ್ನು ನೋಡಬೇಕು. ಈ ನೆಲದಲ್ಲಿ ಕನ್ನಡದ ಮಕ್ಕಳನ್ನು ಬೆಳೆಸುವ ಪ್ರಯೋಗವು ಶತಮಾನಗಳಿಂದ ನಡೆದುಬಂದಿದೆ. ಕೊಯಮತ್ತೂರು ಪಟ್ಟಣದಲ್ಲಿಯೂ, ಮೇಟ್ಟುಪಾಳೆಯದ ಹತ್ತಿರ ಭವಾನಿಯ ದಡದಲ್ಲಿರುವ ಸಿರುಮುಗೈಯಲ್ಲಿಯೂ ನೆಲೆಸಿರುವ ದೇವಾಂಗ ನೇಕಾರರು, ಮಲೆಯ ತಪ್ಪಲಿನ ಹಳ್ಳಿಗಳ ಒಕ್ಕಲಿಗ ಗೌಂಡರು, ಅನುಪ್ಪರೆಂಬ ಬೇಸಾಯಗಾರರು, ಇವರೆಲ್ಲರ ಮನೆಮಾತು ಕನ್ನಡ. ಸಿರುಮುಗೈಯ ಒಂದು ಮಗ್ಗದ ಮನೆಯನ್ನು ಹೊಕ್ಕರೆ, ಕುಳಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆಯ ಸೀರೆಯನ್ನು ನೇಯುತ್ತಿರುವ ತಂದೆ, ಪಕ್ಕದಲ್ಲಿ ನೂಲು ಸುತ್ತುತ್ತಿರುವ ಅಜ್ಜಿ, ಇಬ್ಬರ ನಡುವೆ ಆಡಿಕೊಂಡಿರುವ ಕೂಸು, ಇವರ ಸಂಭಾಷಣೆಯೆಲ್ಲ ಕನ್ನಡದಲ್ಲಿ ಸಾಗುತ್ತದೆ. ಆದರೆ ಗೋಡೆಯ ಮೇಲಿನ ಕ್ಯಾಲೆಂಡರು ತಮಿಳು, ಲೆಕ್ಕದ ಪುಸ್ತಕ ತಮಿಳು, ಮದುವೆಯ ಕರೆಯೋಲೆ ತಮಿಳು. ಶಾಲೆಯ ನೆರವಿಲ್ಲದೆ, ಪುಸ್ತಕದ ನೆರವಿಲ್ಲದೆ, ಸರ್ಕಾರದ ನೆರವಂತೂ ಇಲ್ಲವೇ ಇಲ್ಲದೆ, ಮಾತು ಇಷ್ಟು ತಲೆಮಾರುಗಳನ್ನು ದಾಟಿ ಬಂದಿರುವುದಕ್ಕೆ ನನಗೆ ತೋರುವಮಟ್ಟಿಗೆ ಒಂದೇ ಕಾರಣ: ದುಡಿಮೆಯೂ ಮಕ್ಕಳ ಪಾಲನೆಯೂ ಒಂದೇ ಸೂರಿನ ಕೆಳಗೆ ನಡೆದು, ಆ ಸೂರಿನ ಕೆಳಗೆ ಮಾಡತಕ್ಕ ಕೆಲಸಗಳು ಭಾಷೆಗೆ ಬೇಕಾದಷ್ಟಿದ್ದವು. ಅಕ್ಷರವನ್ನು ಹಿಡಿದು ಕೂರಿಸುವವರಿಲ್ಲದಿದ್ದುದರಿಂದ ಅಕ್ಷರವು ಹೋಯಿತು. ಹೊಸದಾಗಿ ಬರುವ ಸಂಸಾರವು ಕಲಿಯಬೇಕಾದ ಪಾಠದ ಮುಕ್ಕಾಲು ಭಾಗ ಇದರಲ್ಲಿಯೇ ಇದೆಯೆಂದು ನನ್ನ ಭಾವನೆ. ಮಾತಿಗೆ ಬೇಕಾದುದು ಮನೆಯ ಬಳಕೆ, ಅಕ್ಷರಕ್ಕೆ ಬೇಕಾದುದು ಒಬ್ಬರ ಹಟ.

ಎರಡು ಭಾಷೆಗಳು ಒಟ್ಟಿಗೆ ಕಿವಿಗೆ ಬಿದ್ದರೆ ಮಗುವಿನ ಬುದ್ಧಿ ಕಲಕಿಹೋಗುವುದೆಂಬ ಭಯವು ವಿದ್ಯಾವಂತರ ಮನೆಗಳಲ್ಲಿಯೇ ಅಧಿಕವಾಗಿರುವುದೊಂದು ವಿಚಿತ್ರ. ಫ್ರಾನ್ಸಿನ ಭಾಷಾವಿದ್ವಾಂಸ ಜೂಲ್ ರೋಂಜಾ ತನ್ನ ಮಗ ಲೂಯಿಯನ್ನು ತಂದೆಯೊಡನೆ ಫ್ರೆಂಚ್, ತಾಯಿಯೊಡನೆ ಜರ್ಮನ್ ಎಂಬ ಕಟ್ಟಳೆಯಲ್ಲಿ ಬೆಳೆಸಿ, ಹುಡುಗನು ಎರಡನ್ನೂ ಸ್ವಚ್ಛವಾಗಿ ಕಲಿತ ಬಗೆಯನ್ನು 1913ರಲ್ಲಿಯೇ ಗ್ರಂಥವಾಗಿ ಪ್ರಕಟಿಸಿದನು. ಅಲ್ಲಿಂದೀಚೆಗೆ ನಡೆದಿರುವ ಶೋಧನೆಗಳು ಬಹುಮಟ್ಟಿಗೆ ಆ ಅನುಭವವನ್ನು ಪುಷ್ಟೀಕರಿಸಿವೆ. ತಂದೆಗೊಂದು ತಾಯಿಗೊಂದು ಎಂಬ ಆ ಕಟ್ಟಳೆ ಕನ್ನಡ ತಮಿಳು ದಂಪತಿಗಳಿಗೆ ಒಪ್ಪುತ್ತದೆ. ಇಬ್ಬರೂ ಕನ್ನಡಿಗರಾದಲ್ಲಿ ಹೊಸಲನ್ನೇ ಗಡಿಯಾಗಿ ಇಟ್ಟುಕೊಳ್ಳುವುದು ಮೇಲು: ಒಳಗೆ ಕನ್ನಡ, ಹೊರಗೆ ತಮಿಳು. ಮಗುವಿಗೆ ಬೇಗ ತಮಿಳು ಬರಲೆಂದು ತಮಗೇ ನೆಟ್ಟಗೆ ಬಾರದ ತಮಿಳನ್ನು ಮನೆಯಲ್ಲಿ ಆಡತೊಡಗುವ ತಂದೆತಾಯಿಗಳನ್ನು ಕಂಡಿದ್ದೇನೆ. ಇಂಥಲ್ಲಿ ಮಗುವಿಗೆ ದೊರೆಯುವುದು ಸೊಟ್ಟ ತಮಿಳು ಮತ್ತು ನಷ್ಟವಾಗುವುದು ನೆಟ್ಟಗಿನ ಕನ್ನಡ. ತಮಿಳಿನ ಚಿಂತೆ ಬೇಡ. ಅದನ್ನು ಬೀದಿಯೇ ಕಲಿಸುತ್ತದೆ.

ಬೀದಿ ಕಲಿಸುವ ರೀತಿಯನ್ನು ನೋಡಬೇಕಾದರೆ ತಿರುಪ್ಪೂರಿನ ಲೈನ್ ಮನೆಗಳಿಗೆ ಹೋಗಬೇಕು. ಒಂದೇ ಅಂಗಳ, ಸಾಲಾಗಿ ಎಂಟು ಹತ್ತು ಮನೆ, ಎಲ್ಲರಿಗೂ ಒಂದು ನಲ್ಲಿ. ನೀರು ಬಂದ ದಿನ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲುಗಟ್ಟುತ್ತವೆ. ಅಂಥದೊಂದು ಅಂಗಳದಲ್ಲಿ, ಗುಂಡ್ಲುಪೇಟೆಯ ಕಡೆಯಿಂದ ಬಂದ ಮನೆಯ ಪುಟ್ಟ ಹುಡುಗಿಯೊಬ್ಬಳು ಪಕ್ಕದ ಮನೆಯ ಮುದುಕಿಯ ಕಡೆಗೆ ತಿರುಗಿ "ಆತ್ತಾ, ತಣ್ಣಿ ವಂದುಡ್ಚುಂಗ" ಎಂದು ಕೂಗಿ, ಮರುಗಳಿಗೆಯಲ್ಲಿ ಒಳಗಿನ ತಾಯಿಯ ಕಡೆಗೆ "ಅಮ್ಮ, ನೀರು ಬುಟ್ರು" ಎಂದುದನ್ನು ಕೇಳಿ ನಾನು ಬೆರಗಾದೆನು. ಯಾರೊಡನೆ ಯಾವ ಮಾತೆಂಬ ವಿವೇಕವು ಆ ವಯಸ್ಸಿಗೇ ಅಷ್ಟು ನಿಷ್ಕೃಷ್ಟವಾಗಿದ್ದಿತು. ಒಂದು ವಾಕ್ಯದಲ್ಲಿ ಎರಡು ಭಾಷೆಯ ಪದಗಳು ಬೆರೆತು ಬರುವುದೂ ಉಂಟು. ಬೆರೆತರೆ ಬೆರೆಯಲಿ, ತಿದ್ದಲು ಹೋಗದೆ ಅದೇ ಮಾತನ್ನು ಸರಿಯಾದ ಕನ್ನಡದಲ್ಲಿ ಉತ್ತರವಾಗಿ ಹೇಳಿದರೆ ಸಾಕು. ಹೊಸ ಶಾಲೆಗೆ ಸೇರಿದ ಮೊದಲ ಕೆಲವು ವಾರಗಳು, ಒಮ್ಮೊಮ್ಮೆ ಕೆಲವು ತಿಂಗಳುಗಳೂ, ಮಗು ಅಲ್ಲಿ ತುಟಿ ಬಿಚ್ಚದೆ ಇರಬಹುದು. ಕೇಳಿ ಕೇಳಿ ಕೂಡಿಟ್ಟುಕೊಳ್ಳುವ ಕಾಲವದು. ಮನೆಗೆ ಬಂದು ಎಂದಿನಂತೆ ಕನ್ನಡದಲ್ಲಿ ಹರಟುತ್ತಿದ್ದರೆ ಗಾಬರಿಗೆ ಕಾರಣವಿಲ್ಲ. ಆದರೆ ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲಿಯೂ ಎರಡು ಪದಗಳನ್ನು ಕೂಡಿಸಿ ಆಡದ ಮಗುವಿನ ವಿಷಯದಲ್ಲಿ "ಎರಡು ಭಾಷೆಯ ಗೊಂದಲ" ಎಂಬ ಸಮಾಧಾನವನ್ನು ಹೇಳಿಕೊಳ್ಳದೆ ಕಿವಿಯ ಪರೀಕ್ಷೆಯನ್ನು ಮಾಡಿಸತಕ್ಕದ್ದು. ಮಕ್ಕಳ ಬೆಳವಣಿಗೆಯ ದೋಷಗಳನ್ನು ಶೀಘ್ರವಾಗಿ ಪತ್ತೆಹಚ್ಚುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಿಂದ ನಡೆಯುತ್ತಿದೆ, ಅಂಗನವಾಡಿಯಲ್ಲಿ ಕೇಳಿದರೆ ಅದರ ವೈದ್ಯರ ಬಳಿಗೆ ಕಳುಹಿಸಿಕೊಡುತ್ತಾರೆ.

ಹಿರಿಯರು ಕಲಿಯಬೇಕಾದುದೂ ಒಂದುಂಟು. ಕೊಂಗುನಾಡೆಂದು ಕರೆಯುವ ಈ ಸೀಮೆಯ ತಮಿಳು ಅತ್ಯಂತ ವಿನಯದ ತಮಿಳು. "ಏನುಂಗ", "ವಾಂಗ", "ಸರಿಂಗ" ಎಂದು ಪ್ರತಿಯೊಂದು ಮಾತಿಗೂ ಗೌರವದ ಬಾಲವನ್ನು ಸೇರಿಸಿ ಆಡುವುದು ಅಲ್ಲಿಯ ರೂಢಿ. ಮಕ್ಕಳನ್ನು ಕೂಡ "ಕಣ್ಣು", "ಸಾಮಿ" ಎಂದು ಕರೆದು ಬಹುವಚನದಲ್ಲಿ ಉಪಚರಿಸುತ್ತಾರೆ. ಸಿನಿಮಾ ನೋಡಿ ತಮಿಳು ಕಲಿತ ತಂದೆಯು ತರಕಾರಿಯವಳನ್ನು "ವಾ, ಪೋ" ಎಂದು ಮಾತನಾಡಿಸಿದರೆ, ಅವಳು ಏನೂ ಹೇಳದೆ ತೂಗಿ ಕೊಟ್ಟು ಕಳುಹಿಸಿದರೂ, ಕೈ ಹಿಡಿದು ನಿಂತ ಮಗು ಅದನ್ನೇ ಕಲಿಯುತ್ತದೆ, ಮತ್ತು ಮಾರನೆಯ ದಿನ ಶಾಲೆಯ ಆಯಾಳನ್ನು ಹಾಗೆಯೇ ಕರೆದು ಒರಟು ಹುಡುಗನೆಂಬ ಹೆಸರನ್ನು ಪಡೆಯುತ್ತದೆ. ತಾಯಿಯ ತಂದೆಯನ್ನು "ಅಪ್ಪುಚ್ಚಿ" ಎಂದೂ ಅವನ ಹೆಂಡತಿಯನ್ನು "ಅಮ್ಮುಚ್ಚಿ" ಎಂದೂ ಕರೆಯುವ ಮನೆಗಳವು. ನೆರೆಯ ಮುದುಕರನ್ನು ಆ ಹೆಸರಿನಿಂದ ಕರೆಯಲು ಮಕ್ಕಳಿಗೆ ಹೇಳಿಕೊಟ್ಟರೆ, ಮನೆಯಲ್ಲಿ ಅಜ್ಜಿತಾತ ಇಲ್ಲದ ಕೊರತೆ ಎಷ್ಟೋ ತೀರುತ್ತದೆ.

ಇನ್ನು ಕಾಗದಪತ್ರಗಳ ವಿಷಯ. ಇದು ನೀರಸವಾದರೂ ಅನಿವಾರ್ಯ. ತಮಿಳುನಾಡಿನಲ್ಲಿ ಹೆರಿಗೆಯಾಗತಕ್ಕ ತಾಯಿಯು, ತೌರಿನಿಂದ ತಾಯಿ ಕಾರ್ಡನ್ನು ತಂದಿದ್ದರೂ ಸಹ, ಅಲ್ಲಿಯ ನಗರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯೆಂದು ನೋಂದಾಯಿಸಿಕೊಂಡು ಪಿಕ್ಮಿ ಎಂಬ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಆ ಸಂಖ್ಯೆಯಿಲ್ಲದೆ ಮಗುವಿನ ಜನನಪತ್ರವು ಸಲೀಸಾಗಿ ದೊರೆಯದು. ಜನನವನ್ನು 21 ದಿವಸಗಳೊಳಗೆ ನೋಂದಾಯಿಸಬೇಕು. ಹೆಸರನ್ನು ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. 2023ರ ಅಕ್ಟೋಬರ್ ಒಂದರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವಾಗ ಈ ಪತ್ರವೇ ಮುಖ್ಯ ಪ್ರಮಾಣವಾದ್ದರಿಂದ ಹೆಸರಿನ ಬರಹದಲ್ಲಿ ಎಚ್ಚರ ಅಗತ್ಯ. ತಮಿಳಿನ ಲಿಪಿಯಲ್ಲಿ ಪ, ಫ, ಬ, ಭ ಎಲ್ಲಕ್ಕೂ ಒಂದೇ ಅಕ್ಷರ, ಕ ವರ್ಗಕ್ಕೂ ಒಂದೇ. ಭೂಮಿಕಾ ಎಂಬ ಹೆಸರನ್ನು ತಮಿಳಿನಲ್ಲಿ ಬರೆದು ಗುಮಾಸ್ತನ ಮುಂದಿಟ್ಟರೆ ಅವನು ಅದನ್ನು ಪೂಮಿಗಾ ಎಂದು ಓದಿ, ಇಂಗ್ಲಿಷಿನಲ್ಲಿಯೂ ಹಾಗೆಯೇ ಬರೆದುಬಿಡುವ ಸಂಭವವುಂಟು. ಆದುದರಿಂದ ಇಂಗ್ಲಿಷಿನ ಕಾಗುಣಿತವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕೊಟ್ಟು, ಅಚ್ಚಾಗುವ ಮೊದಲು ಪರದೆಯ ಮೇಲೆ ಓದಿ ನೋಡುವುದು ಒಳ್ಳೆಯದು. ತಂದೆಯ ಹೆಸರಿನ ಮೊದಲಕ್ಷರವನ್ನು ಅಲ್ಲಿ ಹೆಸರಿಗೆ ಮುಂದೆ ಹಾಕುತ್ತಾರೆ; ಹಿಂದೆಯೋ ಮುಂದೆಯೋ, ಎಲ್ಲ ಪತ್ರಗಳಲ್ಲಿಯೂ ಒಂದೇ ರೀತಿಯಿದ್ದರೆ ಮುಂದಿನ ಇಪ್ಪತ್ತು ವರ್ಷಗಳ ಅಲೆದಾಟ ತಪ್ಪುತ್ತದೆ. ಲಸಿಕೆಗೆ ತಮಿಳುನಾಡಿನ ಸರ್ಕಾರಿ ಕೇಂದ್ರಗಳಲ್ಲಿ ಬುಧವಾರ ಗೊತ್ತಾದ ದಿನ. ಕರ್ನಾಟಕದ ಲಸಿಕೆಯ ಚೀಟಿಯೇ ಅಲ್ಲಿಗೂ ಸಾಕು. ಕಳೆದುಕೊಳ್ಳದೆ ಇಟ್ಟುಕೊಳ್ಳುವುದೊಂದೇ ಕೆಲಸ.

ಶಾಲೆಯ ಪ್ರಶ್ನೆಗೆ ಬಂದರೆ, ತಮಿಳುನಾಡು 1968ರಿಂದ ತಮಿಳು ಮತ್ತು ಇಂಗ್ಲಿಷೆಂಬ ದ್ವಿಭಾಷಾ ನೀತಿಯನ್ನು ಹಿಡಿದಿರುವುದೂ, 2006ರ ತಮಿಳು ಕಲಿಕೆಯ ಕಾನೂನಿನ ಮೇರೆಗೆ ಒಂದನೆಯ ತರಗತಿಯಿಂದ ಮೇಲಕ್ಕೆ ತಮಿಳು ಕಡ್ಡಾಯವಾಗಿರುವುದೂ, 2015ನೆಯ ವರ್ಷದಿಂದ ಸಿ.ಬಿ.ಎಸ್.ಇ. ಶಾಲೆಗಳನ್ನೂ ಕ್ರಮಕ್ರಮವಾಗಿ ಅದರೊಳಕ್ಕೆ ತಂದಿರುವುದೂ ತಿಳಿದಿರಬೇಕು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದಾದರೂ, ಎಲ್ಲೋ ಒಂದೊಂದಾಗಿ ಚದರಿರುವ ಸಂಸಾರಗಳಿಗೆ ಅದರಿಂದ ಆಗುವ ಪ್ರಯೋಜನ ಕಡಮೆ. ಪದೇ ಪದೇ ವರ್ಗವಾಗುವ ನೌಕರಿಯವರು ಕೇಂದ್ರೀಯ ವಿದ್ಯಾಲಯವನ್ನು ನೋಡಬಹುದು. ಆದರೆ ನಾಲ್ಕಾರು ವರ್ಷ ನಿಲ್ಲುವವರು ತಮಿಳನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ದೂರದ ಶಾಲೆಯೊಂದನ್ನು ಹುಡುಕಿ ಆರು ವರ್ಷದ ಕೂಸನ್ನು ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕೂರಿಸುವುದನ್ನು ನಾನು ಒಪ್ಪಲಾರೆ. ಒಂದನೆಯ ತರಗತಿಗೆ ಸೇರುವ ಮಗುವಿಗೆ ತಮಿಳಿನ ಅ, ಆ ಕಲಿಯುವುದು ಕಷ್ಟವೇ ಅಲ್ಲ, ಪಕ್ಕದಲ್ಲಿ ಕುಳಿತ ತಮಿಳು ಮಗುವೂ ಅಲ್ಲಿಂದಲೇ ಆರಂಭಿಸುತ್ತದೆ; ಕಷ್ಟವಾಗುವುದು ನಾಲ್ಕನೆಯ ಐದನೆಯ ತರಗತಿಗೆ ನಡುವೆ ಬಂದು ಸೇರುವವರಿಗೆ, ಅವರಿಗೆ ಬೇಸಗೆಯಲ್ಲಿಯೇ ಮನೆಪಾಠವನ್ನು ಏರ್ಪಡಿಸಬೇಕು. ಸರ್ಕಾರಿ ಶಾಲೆಗಳನ್ನು ನೋಡದೆಯೇ ತಳ್ಳಿಹಾಕಬಾರದೆಂಬುದೂ ನನ್ನ ಸಲಹೆ. 2022ರ ಸೆಪ್ಟೆಂಬರ್ 15ರಂದು ಮಧುರೆಯಲ್ಲಿ ಮೊದಲಾಗಿ, ಮರುವರ್ಷ ಆಗಸ್ಟಿನಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವ್ಯಾಪಿಸಿದ ಬೆಳಗಿನ ಉಪಾಹಾರದ ಯೋಜನೆಯಲ್ಲಿ ಒಂದರಿಂದ ಐದನೆಯ ತರಗತಿಯವರಿಗೆ ಉಪ್ಪಿಟ್ಟೋ ಪೊಂಗಲೋ ಬಿಸಿಯಾಗಿ ದೊರೆಯುತ್ತದೆ. ಬೆಳಿಗ್ಗೆಯೇ ಕಂಪೆನಿಗೆ ಓಡುವ ದಂಪತಿಗಳಿಗೆ ಇದು ಸಣ್ಣ ಉಪಕಾರವಲ್ಲ.

ತಿರುಪ್ಪೂರಿನ ಕಾರ್ಖಾನೆಗಳಲ್ಲಿ ಒಂದೂವರೆ ಷಿಫ್ಟ್ ದುಡಿದು ರಾತ್ರಿ ಮನೆಗೆ ಬರುವ ತಾಯಂದಿರು ಮತ್ತೊಂದು ಸಂಗತಿಯನ್ನು ಗಮನಿಸಬೇಕು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯದ ಕಾನೂನು, ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯು ಶಿಶುಗಳಿಗೆ ಪಾಲನಾಗೃಹವನ್ನು ಒದಗಿಸಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ವಿಧಿಸಿತು. ಕೆಲಸಕ್ಕೆ ಒಪ್ಪಿಕೊಳ್ಳುವ ಮುನ್ನ ಆ ಕೊಠಡಿಯನ್ನು ಕಣ್ಣಾರೆ ನೋಡಬೇಕು. ತೊಟ್ಟಿಲ ಬದಲು ನೂಲಿನ ಮೂಟೆಗಳಿದ್ದರೆ ಉತ್ತರ ಸಿಕ್ಕಿದಂತಾಯಿತು.

ಮನೆಯನ್ನು ಹಿಡಿಯುವಾಗ ಬಾಡಿಗೆಗಿಂತ ಮೊದಲು ನೀರನ್ನು ವಿಚಾರಿಸುವುದು ಬುದ್ಧಿವಂತಿಕೆ. ಕೊಯಮತ್ತೂರಿನಲ್ಲಿ ಸಿರುವಾಣಿಯ ನೀರು ಬರುವ ಬಡಾವಣೆಗಳವರು ಭಾಗ್ಯವಂತರು; ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಗಳ ಕೊಳೆನೀರು ನೊಯ್ಯಲ್ ನದಿಯನ್ನೂ ಅಂತರ್ಜಲವನ್ನೂ ಕೆಡಿಸಿ, 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚಿಸುವವರೆಗೆ ಹೋದ ಸಂಗತಿ ಪ್ರಸಿದ್ಧವಾಗಿದೆ. ಆದಕಾರಣ ಅಲ್ಲಿ ಪ್ರತಿ ಮನೆಯಲ್ಲಿಯೂ ಎರಡು ಬಗೆಯ ನೀರು: ತೊಳೆಯಲು ಕೊಳವೆ ಬಾವಿಯ ಉಪ್ಪುನೀರು, ಕುಡಿಯಲು ನದಿಯ ಒಳ್ಳೆಯ ನೀರು. ಎಳೆಯ ಮಗುವಿನ ಗಂಜಿಗೂ ಹಾಲಿಗೂ ಎರಡನೆಯದೇ ಆಗಬೇಕು, ಅದೂ ಕುದಿಸಿ. ಆದರೆ ಒಳ್ಳೆಯ ನೀರು ಕೆಲವು ದಿನಗಳಿಗೊಮ್ಮೆ ಬರುವುದರಿಂದ ಡ್ರಮ್ಮುಗಳಲ್ಲಿ ತುಂಬಿಡಬೇಕಾಗುತ್ತದೆ, ಮತ್ತು ಡೆಂಗಿ ಜ್ವರವನ್ನು ಹರಡುವ, ಹಗಲಿನಲ್ಲಿ ಕಚ್ಚುವ ಸೊಳ್ಳೆಯು ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುವುದರಿಂದ ನೀರನ್ನು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಗೋಡೆಯನ್ನು ತಿಕ್ಕಿ ತೊಳೆದು, ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಬೇಕು. ಊಟದ ವಿಷಯದಲ್ಲಿ ತೊಂದರೆಯೇ ಇಲ್ಲ. ರಾಗಿ ಎಲ್ಲೆಲ್ಲಿಯೂ ದೊರೆಯುತ್ತದೆ, ಅಕ್ಕಿಯನ್ನೂ ತೊಗರಿಬೇಳೆಯನ್ನೂ ಒಟ್ಟಿಗೆ ಬೇಯಿಸುವ ಕೊಂಗರ ಅರಿಸಿಪರುಪ್ಪು ಸಾದವು ಹುಳಿಯಿಲ್ಲದ್ದರಿಂದ ಎರಡು ವರ್ಷದ ಬಾಯಿಗೂ ಹಿಡಿಸುತ್ತದೆ, ಒತ್ತು ಶಾವಿಗೆಯನ್ನು ಅವರು ಸಂದಗೈ ಎನ್ನುತ್ತಾರೆ, ನಮ್ಮ ಒಬ್ಬಟ್ಟಿಗೆ ಅಲ್ಲಿಯೂ ಹೆಚ್ಚುಕಡಮೆ ಅದೇ ಹೆಸರು.

ಅಕ್ಷರಕ್ಕೆ ಹಟ ಬೇಕೆಂದೆನಷ್ಟೆ. ಅದನ್ನು ಎಂದು ಹೂಡಬೇಕು? ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷಿನ ಲಿಪಿಗಳು ಕೈಗೆ ಕೂತ ಮೇಲೆ, ಎಂದರೆ ಒಂದನೆಯ ತರಗತಿ ಮುಗಿದ ಬೇಸಗೆಯಲ್ಲಿ ಮೊದಲುಮಾಡುವುದು ನನಗೆ ಸರಿತೋರುತ್ತದೆ. ವರ್ಣಮಾಲೆಯನ್ನು ಅ ದಿಂದ ಕ್ಷ ದವರೆಗೆ ಉರು ಹೊಡೆಸುವ ಬದಲು, ಕರ್ನಾಟಕದ ಪಾಠಪುಸ್ತಕಗಳು ಬಳಸಿಕೊಂಡು ಬಂದಿರುವ ರ, ಗ, ಸ, ದ, ಅ ಎಂಬ ಅನುಕ್ರಮವನ್ನು ಹಿಡಿದರೆ, ಮಗು ಮೊದಲ ವಾರದಲ್ಲಿಯೇ ಗರಗಸ, ಅರಸ, ಸರ, ದರ ಎಂದು ಅರ್ಥವುಳ್ಳ ಪದಗಳನ್ನು ಓದಿ ತಾನು ಗೆದ್ದೆನೆಂದುಕೊಳ್ಳುತ್ತದೆ. ಆ ಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ತಮಿಳು ಕಲಿತ ಕೈ ಮಹಾಪ್ರಾಣಗಳನ್ನು ನುಂಗುತ್ತದೆ, ಭಾರತವು ಬಾರತವಾಗುತ್ತದೆ. ಮೊದಲ ವರ್ಷ ಅದನ್ನು ಕಂಡೂ ಕಾಣದಂತಿರುವುದು ಲೇಸು, ಕೆಂಪು ಶಾಯಿಯನ್ನು ನೋಡಿದ ಮಗು ಪುಸ್ತಕವನ್ನೇ ಮುಚ್ಚಿಬಿಡುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು, ಆದರೆ ದಿನವೂ ಆಗಬೇಕು. ಹಿಂದೆ ಮದರಾಸಿನಲ್ಲಿ ಅಚ್ಚಾಗುತ್ತಿದ್ದ ಚಂದಮಾಮ ಪತ್ರಿಕೆಯು 1947ರಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೂ ಬಂದಾಗ, ಒಂದೇ ಚಿತ್ರದ ಕೆಳಗೆ ಒಂದೇ ಕಥೆಯನ್ನು ನೆರೆಮನೆಯ ಮಕ್ಕಳು ತಮ್ಮ ತಮ್ಮ ಭಾಷೆಯಲ್ಲಿ ಓದಬಹುದಾಗಿದ್ದಿತು. ಆ ಸೌಕರ್ಯವು ಇಂದು ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್‌ನಲ್ಲಿ ಇನ್ನೂ ವಿಪುಲವಾಗಿದೆ. ಎಷ್ಟೋ ಕಥೆಗಳು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇರುವುದರಿಂದ, ಮಗು ಶಾಲೆಯಲ್ಲಿ ಕೇಳಿದ ಕಥೆಯನ್ನು ರಾತ್ರಿ ತಾಯಿಯ ಮಾತಿನಲ್ಲಿ ಓದಿಸಿಕೊಳ್ಳಬಹುದು.

ಹಬ್ಬಗಳಲ್ಲಿ ಎರಡೂ ಕಡೆಯವು ಬರಲಿ. ಯುಗಾದಿಗೆ ತಮಿಳುನಾಡಿನಲ್ಲಿಯೂ ಸರ್ಕಾರಿ ರಜೆಯುಂಟು. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಯ ಗುಡಿಗೆ ದೇವಾಂಗರು ಕತ್ತಿಯ ಸೇವೆಯ ಮೆರವಣಿಗೆಯನ್ನು ನಡೆಸುತ್ತಾರೆ. ಯುವಕರು ಮೈಗೆ ಕತ್ತಿಯನ್ನು ತಾಗಿಸಿಕೊಳ್ಳುತ್ತ ಬರುವಾಗ ರಕ್ತವೂ ಕಾಣುವುದರಿಂದ, ತೀರ ಎಳೆಯ ಮಕ್ಕಳೊಡನೆ ಮೆರವಣಿಗೆಯ ದಾರಿಯನ್ನು ಬಿಟ್ಟು, ಸಾಯಂಕಾಲ ದೇವಿಯ ದರ್ಶನಕ್ಕೆ ಹೋಗುವುದು ಅನುಕೂಲ. ಪೊಂಗಲಿಗೆ ಶಾಲೆಗಳಿಗೆ ಮೂರು ನಾಲ್ಕು ದಿನಗಳ ಬಿಡುವಿರುತ್ತದೆ, ಕರ್ನಾಟಕದ ಅಜ್ಜಿತಾತಂದಿರನ್ನು ಕರೆಸಿಕೊಳ್ಳಲು ಅದೇ ತಕ್ಕ ಕಾಲ. 2023ರ ಡಿಸೆಂಬರ್ 30ರಂದು ಪ್ರಾರಂಭವಾದ ವಂದೇ ಭಾರತ್ ರೈಲು ಬೆಂಗಳೂರಿನಿಂದ ಹೊಸೂರು, ಧರ್ಮಪುರಿ, ಸೇಲಂ, ಈರೋಡುಗಳ ಮೇಲೆ ತಿರುಪ್ಪೂರು, ಕೊಯಮತ್ತೂರುಗಳಿಗೆ ಬರುತ್ತದೆ. ಚಾಮರಾಜನಗರದ ಕಡೆಯವರಿಗೆ ದಿಂಬಂ ಘಟ್ಟದ ದಾರಿ ಹತ್ತಿರ; ಆದರೆ 27 ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಬಹುತೇಕ ನಿಶ್ಚಿತ, ಹುಲಿಯ ಕಾಡಾದ್ದರಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧವೂ ಇದೆ, ಬೆಳಿಗ್ಗೆ ಹೊಟ್ಟೆ ತುಂಬಿಸದೆ ಹೊರಡಬೇಕು.

ಮರಳಿ ಹೋಗುವವರಿಗೆ ಕಡೆಯದಾಗಿ ಒಂದೆರಡು ಸೂಚನೆ. ತಮಿಳುನಾಡಿನ ಶಾಲೆಗಳು ಐದು ತುಂಬಿದ ಮಗುವನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳುತ್ತವೆ, ಕರ್ನಾಟಕವಾದರೋ ಆರು ತುಂಬಿರಬೇಕೆಂಬ ನಿಯಮಕ್ಕೆ ಬಂದಿದೆ; ಎಂದಾದರೂ ಊರಿಗೆ ಮರಳುವ ಯೋಚನೆಯಿದ್ದಲ್ಲಿ ಮಗುವನ್ನು ಒಂದು ವರ್ಷ ತಡೆದು ಸೇರಿಸುವುದು ಕ್ಷೇಮ. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕಾ ಕಾನೂನಿನ ಪ್ರಕಾರ ಅಲ್ಲಿಯ ಶಾಲೆಗಳಲ್ಲಿ ಕನ್ನಡ ಕಡ್ಡಾಯವಾದ್ದರಿಂದ ಆ ಕಾಲು ಗಂಟೆಯ ಓದು ಅಂದು ಕೈಹಿಡಿಯುತ್ತದೆ. ಕರ್ನಾಟಕದಲ್ಲಿ ಶಾಲೆಗಳು ಮೇ ತಿಂಗಳ ಕೊನೆಯಲ್ಲಿಯೇ ತೆರೆಯುವುದುಂಟು, ತಮಿಳುನಾಡಿನವು ಜೂನ್‌ನಲ್ಲಿ. ವರ್ಗಾವಣೆ ಪತ್ರಕ್ಕೆ ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿಯೇ ಅರ್ಜಿ ಹಾಕಿ, ಪತ್ರದ ಮೇಲೆ ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆಯನ್ನು ಬರೆಸಿಕೊಂಡು, ಹೆಸರಿನ ಕಾಗುಣಿತವನ್ನು ಜನನಪತ್ರದೊಡನೆ ತಾಳೆ ನೋಡಿದ ಮೇಲೆ ಸಾಮಾನು ಕಟ್ಟಬೇಕು.